ಎಂಟು ತುಂಡು, ಒಂದು ಮೂಳೆ

ನರಿನ್ ಊರಿನ ಹಳೆಯ ಶಿಶುವಿಹಾರದಲ್ಲಿ ನಮ್ಮ ಕೇಂದ್ರ.
ಗೋಡೆಯ ಮೇಲೆ ಯಾವುದೋ ಕಾಲದ ಕರಡಿ, ಬಣ್ಣ ಹೋದ ಚೆಂಡು.
ಫೆಬ್ರುವರಿ. ಕಿಟಕಿಯ ಗಾಜಿಗೆ ಒಳಗಡೆಯಿಂದಲೇ ಹಿಮ.
ಒಲೆಗೆ ಕಲ್ಲಿದ್ದಲು ಹಾಕಿ, ಕೈ ಒರೆಸಿಕೊಂಡು
ನಾನು ಮಕ್ಕಳ ಬುದ್ಧಿ ಅಳೆಯಲು ಕೂರುತ್ತೇನೆ.

ಹದಿನೇಳು ವರ್ಷದಿಂದ ಇದೇ ಕೆಲಸ.
ಸೇರು ಪಾವು ಚಟಾಕು ಇಟ್ಟುಕೊಂಡ ಅಂಗಡಿಯವಳ ಹಾಗೆ
ನನ್ನ ಬಳಿಯೂ ಒಂದು ಪೆಟ್ಟಿಗೆ, ಒಂಬತ್ತು ಮರದ ತುಂಡು,
ಕೆಂಪು ಬಿಳಿ ಮುಖದವು. ಮತ್ತೊಂದು ಗಡಿಯಾರ:
ಒತ್ತಿದರೆ ಓಡುತ್ತದೆ, ಒತ್ತಿದರೆ ನಿಲ್ಲುತ್ತದೆ.
ಮಕ್ಕಳು ಹಾಗಲ್ಲ.

ಆ ದಿನ ಅತ್‌ಬಾಶಿಯಿಂದ ಸಗಿನ್‌ಬೆಕ್ ಬಂದ,
ಕಲ್ಲಿದ್ದಲ ಲಾರಿಯಲ್ಲಿ, ಮಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು.
ಎರ್ನಿಸ್. ಏಳು ವರ್ಷ, ನಾಲ್ಕು ತಿಂಗಳು.
ಹುಟ್ಟುವಾಗ ಉಸಿರು ತಡವಾಯಿತಂತೆ;
ಅಂದಿನಿಂದ ಎಲ್ಲವೂ ತಡ, ಅಂದ ಅಪ್ಪ, ಟೊಪ್ಪಿಗೆ ತಿರುವುತ್ತ.
"ಶಾಲೆಗೆ ಸೇರಿಸಬಹುದು ಅಂತ ಒಂದು ಕಾಗದ ಕೊಡಿ. ಅಷ್ಟೇ."
ಎಲ್ಲರೂ ಅಷ್ಟೇ ಅನ್ನುತ್ತಾರೆ.

ಚಿತ್ರದಲ್ಲಿರುವಂತೆ ಜೋಡಿಸು, ಅಂದೆ. ಗಡಿಯಾರ ಒತ್ತಿದೆ.
ಎದೆಗೆ ಮುದುಡಿದ್ದ ಬಲಗೈ ಹೊರಟಿತು.
ಮೇಜಿನ ಅಂಚಿಗೆ ಬಂದು ನಿಂತಿತು. ಮೊಣಕೈಯನ್ನು ಕೇಳಿತು.
ಮೊಣಕೈ ಭುಜವನ್ನು ಕೇಳಿತು. ಭುಜ ಕುತ್ತಿಗೆಯನ್ನು.
ಬಾಯಿ ತೆರೆಯಿತು, ಜೊಲ್ಲು ಇಳಿಯಿತು, ಎಡಗಾಲು ಯಾರನ್ನೋ ಒದೆಯಿತು.
ಒಂದು ಕೈ ಚಾಚಬೇಕಾದರೆ ಇಡೀ ಮೈ ಪಂಚಾಯಿತಿ ಸೇರಬೇಕು.
ಅರವತ್ತು ಸೆಕೆಂಡು.
ಸೊನ್ನೆ ಬರೆದೆ.

ಆಮೇಲಿನದಕ್ಕೂ ಸೊನ್ನೆ. ಅದರಾಚೆಯದಕ್ಕೂ.
ಅವನ ಕಣ್ಣು ಮಾತ್ರ ಪ್ರತಿ ಸಲ ನನಗಿಂತ ಮೊದಲೇ
ಸರಿಯಾದ ತುಂಡಿನ ಮೇಲೆ ಹೋಗಿ ಕೂತಿರುತ್ತಿತ್ತು.
ಕಣ್ಣಿಗೆ ಅಂಕ ಕೊಡುವ ಕಲಂ ನನ್ನ ಫಾರಂನಲ್ಲಿಲ್ಲ.
ನೋಡಿದೆ. ನೋಡದವಳಂತೆ ಪುಟ ತಿರುಗಿಸಿದೆ.

ಪಕ್ಕದ ಕೋಣೆಯಿಂದ ರಾಯ್ಕಾನ್ ಬಂದಳು, ಬಿಸಿ ಮೇಣದ ವಾಸನೆಯೊಡನೆ.
ಆ ಕೈಯನ್ನು ಮೇಣದಲ್ಲಿ ಅದ್ದಿ, ಬೆರಳು ಬೆರಳಾಗಿ ಬಿಡಿಸಿ ನೋಡಿ
ನನಗೆ ಹೇಳಿ ಬರೆಸಿದಳು:
ಬಲಗೈ. ಹಿಡಿಯುವುದು, ಇಲ್ಲ. ಬಿಡುವುದು, ಇಲ್ಲ.
"ಹಿಡಿಯುವುದು ಹೇಗೋ ಬಂದೀತು ಅಕ್ಕ, ಬಿಡುವುದೇ ಕಷ್ಟ.
ಮುಷ್ಟಿಗೆ ಬಿಡುವುದನ್ನು ಕಲಿಸುತ್ತ ಕಲಿಸುತ್ತ ನನ್ನ ಕೂದಲು ನರೆಯಿತು."

ಕಾಗದ ಬರೆದೆ. ಮೊಹರು ಒತ್ತಿದೆ. ಸಗಿನ್‌ಬೆಕ್ ಓದಲಿಲ್ಲ,
ನಾಲ್ಕಾಗಿ ಮಡಿಸಿ ಎದೆಯ ಜೇಬಿಗಿಟ್ಟ.

ಸಂಜೆ ಪೆಟ್ಟಿಗೆಯ ಮುಚ್ಚಳ ಕೂರಲೊಲ್ಲದು.
ಎಣಿಸಿದೆ. ಎಂಟು. ಒಂಬತ್ತನೆಯ ಗೂಡಿನಲ್ಲಿ
ಕುರಿಯ ಹಿಂಗಾಲಿನ ಗಿಣ್ಣುಮೂಳೆ. ಚುಕೊ.
ನಮ್ಮ ಕಡೆ ಹುಡುಗರ ಜೇಬಿನಲ್ಲಿ ಇದ್ದೇ ಇರುವುದು,
ನೆಲಕ್ಕೆ ಗೆರೆ ಕೊರೆದು ಗುರಿಯಿಟ್ಟು ಹೊಡೆಯುವುದು.
ಕೆಂಪು ಬಳಿದದ್ದು, ಜೊಲ್ಲಿಗೆ ಅರ್ಧ ಬಿಳಿಚಿದ್ದು.

ಯಾವಾಗ? ನಾನು ಮೊಹರು ಹುಡುಕುತ್ತಿದ್ದಾಗಲೇ?
ಅಪ್ಪ ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದಾಗಲೇ?
ಗಡಿಯಾರ ನಿಂತ ಮೇಲೆ, ಯಾರೂ ಎಣಿಸದ ಹೊತ್ತಿನಲ್ಲಿ
ಆ ಕೈ ಹೊರಟು, ಕೇಳಬೇಕಾದವರನ್ನೆಲ್ಲ ಕೇಳಿ,
ಹಿಡಿದಿದೆ. ಬಿಟ್ಟಿದೆ. ಮತ್ತೆ ಹಿಡಿದಿದೆ.
ಕಳ್ಳತನವಲ್ಲ; ಕದ್ದವರು ಬದಲಿಗೇನೂ ಇಟ್ಟು ಹೋಗುವುದಿಲ್ಲ.
ವ್ಯಾಪಾರ. ಅದೂ ಬಣ್ಣಕ್ಕೆ ಬಣ್ಣ ಹೊಂದಿಸಿ.

ಫೋನು ಹಚ್ಚಿದೆ. "ದಾರಿಯುದ್ದಕ್ಕೂ ಮುಷ್ಟಿ ಬಿಗಿಹಿಡಿದು ಕೂತಿದ್ದ,
ನೋವೇನೋ ಅಂತ ಹೆದರಿದ್ದೆ," ಅಂದ ಸಗಿನ್‌ಬೆಕ್.
ಬಿಡಿಸಬೇಡಿ, ಅಂದೆ. ಆ ಕಾಗದ ಒಲೆಗೆ ಹಾಕಿ.
ಗುರುವಾರ ಕರೆತನ್ನಿ. ಗಡಿಯಾರ ಮನೆಯಲ್ಲೇ ಬಿಟ್ಟು ಬರುತ್ತೇನೆ.

ಹೇಳುವುದು ಸುಲಭವಾಗಿತ್ತು.
ಬೀರುವಿನಲ್ಲಿ ಹದಿನೇಳು ವರ್ಷದ ಫೈಲುಗಳಿವೆ, ನನ್ನದೇ ದುಂಡು ಅಕ್ಷರ,
ದುಂಡು ದುಂಡು ಸೊನ್ನೆ.
ಬೀಗದ ಕೈಯನ್ನು ಈಚೆಗೆ ರಾಯ್ಕಾನ್ ಬಳಿ ಕೊಟ್ಟಿದ್ದೇನೆ.

ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಿಂದ ಲೆಕ್ಕದವನು ಬಂದ.
ಕನ್ನಡಕ ಏರಿಸಿ ಪೆಟ್ಟಿಗೆ ತೆರೆದ,
ತುಂಡು ಒಂದು ನಷ್ಟ ಎಂದು ಬರೆದ, ನನ್ನ ಸಂಬಳದಲ್ಲಿ ಮುರಿದುಕೊಂಡ.
ಮೂಳೆಯನ್ನು ಅವನು ಎಣಿಸಲೇ ಇಲ್ಲ.