ಸೋಡಾ

ಆರೂವರೆಗೆ, ಸೊಲ್ಲಾಪುರದ ಕಂಬರ ತಲಾವಿನ ದಂಡೆಯಲ್ಲಿ
ಮೊಮ್ಮಗಳ ವಯಸ್ಸಿನ ಮೃಣಾಲ ಟೀಚರು ಹೇಳುತ್ತಾಳೆ:
ಶ್ವಾಸ ಘ್ಯಾ...
ಸೋಡಾ.

ಮರಾಠಿ ನನಗೇನು ಹೊಸದಲ್ಲ,
ಪಗಾರಕ್ಕೆ ಜಗಳಾಡಿದ್ದೆಲ್ಲ ಅದರಲ್ಲೇ.
ಆದರೂ ಕಣ್ಣು ಮುಚ್ಚಿದೆನೆಂದರೆ
ಕಿವಿ ಕನ್ನಡದ್ದು:
ಬಿಡಿ ಎಂದು ಆಕೆ ಅಂದದ್ದು
ಗೋಲಿ ಸೋಡಾ ಆಗಿ ಒಳಗಿಳಿಯುತ್ತದೆ.

ಮೂವತ್ತೊಂದು ವರ್ಷ ಮಗ್ಗದ ಮುಂದೆ
ಚಾದರಿನ ನವಿಲಿಗೆ ಗರಿ ಮೂಡಿಸುತ್ತ
ಬರೀ ತಗೊಂಡೆ:
ಹತ್ತಿಯ ಧೂಳು, ಸೇಠನ ಮಾತು, ಪಾಳಿಯ ಮೇಲೆ ಪಾಳಿ.
ಬಿಡುವುದನ್ನು ಯಾರೂ ಕಲಿಸಲಿಲ್ಲ.
ಬಿಡುವು ಅಂದರೆ ಗೇಟಿನ ಸೋಡಾ ಗಾಡಿ,
ಅದೂ ಹತ್ತು ನಿಮಿಷ.

ಈಗ ಗೋಲಿ ಕೂತಿರುವುದು ನನ್ನ ಎದೆಯಲ್ಲಿ.
ಅಂದು ಅದನ್ನೊತ್ತುತ್ತಿದ್ದ ಹೆಬ್ಬೆರಳನ್ನೇ
ಬಲಹೊಳ್ಳೆಗೆ ಒತ್ತಿ
ಎಡದಿಂದ ಎಳೆದು, ಬಲದಿಂದ...
ಇಲ್ಲ. ಕೆಮ್ಮು.
ಪಕ್ಕದ ಚಾಪೆಯ ನಾಗಿಂದ್ರಪ್ಪ ನಗುತ್ತಾನೆ,
ನಗುನಗುತ್ತ ಅವನಿಗೂ ಕೆಮ್ಮು.

ಡಾಕ್ಟರ ಗುಳಿಗೆ ನಿಲ್ಲಿಸಿಲ್ಲ.
ಚಾಳಿನ ಹದಿನೆಂಟು ಮೆಟ್ಟಿಲಿಗೆ
ಮೂರು ಕಡೆ ನಿಲ್ಲುತ್ತಿದ್ದವನು
ಈಗ ಎರಡು ಕಡೆ ನಿಲ್ಲುತ್ತೇನೆ, ಅಷ್ಟೇ.

ನಿನ್ನೆ, ಬಿಸಿಲು ನೀರಿಗಿಳಿವ ಹೊತ್ತಿಗೆ
ಒಳಗೆಲ್ಲೋ
ಕೀಂಯ್ ಎಂದಿತು.
ಗೋಲಿ ಕದಲಿರಬೇಕು.