ಹಾಳೆ ನಂಬರ ೪೧೭

ಬೆಳಗಾವಿ, ಕಾಲೇಜಿನ ಹಿಂದಿನ ಕೋಣೆ, ಮೂರನೆಯ ಕಪಾಟು.
ತಿಂಗಳಿಗೊಮ್ಮೆ ನುಸಿಗುಳಿಗೆ ಇಡುವುದು ನನ್ನ ನೌಕರಿ,
ಇಪ್ಪತ್ತಾರು ವರ್ಷದಿಂದ.
ಎಂದೋ ಸತ್ತ ಎಲೆಗಳಿಗೆ
ಹುಳ ಹತ್ತದಂತೆ ಕಾಯುವುದು.

೪೧೭ ನಮ್ಮ ನೆಲದ್ದಲ್ಲ.
ಯಾವುದೋ ನಡುಗಡ್ಡೆಯ ನಡುಮಲೆಯ ಟೊಂಗೆ;
ಹಡಗು ಹತ್ತಿ, ಮುಂಬೈಯಲ್ಲಿಳಿದು,
ಸಣ್ಣ ಗೇಜಿನ ರೈಲಿನಲ್ಲಿ ಬಂತಂತೆ.
ಬದಲಿಗೆ ನಾವೊಂದು ಕುಂಟನೇರಳೆ ಕಳಿಸಿದ್ದೆವು.
ರಜಿಸ್ಟರಿನಲ್ಲಿ: ಕರ್ಪೂರದ ಮರ.
ದಾರ ಹೊಲಿದ ಕಂದು ಎಲೆ, ಒಣಗಿದ ಕಾಯಿ ನಾಲ್ಕು,
ಗೋಡೆಗಿಳಿದ ಮಳೆನೀರಿನಂತೆ
ಮೇಲಿಂದ ಕೆಳಗೆ ಇಳಿಯುವ ಅಕ್ಷರದ ಚೀಟಿ.
ಮೂಸಿದರೆ ಬರೀ ಗುಳಿಗೆಯ ವಾಸನೆ.

ಹೋದ ಆಷಾಢ, ಕಣಕುಂಬಿ ಕಡೆಯ ಗೌಳಿ ಹುಡುಗ
ಧೋಂಡು ಯಮಕರ, ಬಿಎಸ್ಸಿ ಎರಡನೇ ವರ್ಷ,
ತೊಯ್ದ ಕೊಡೆ ಬಾಗಿಲಿಗೆ ಆನಿಸಿ ಒಳಗೆ ಬಂದ.
ಕಿಸೆಯಿಂದ ಎಲೆಯೊಂದು ತೆಗೆದು, ತಿಕ್ಕಿ,
ನನ್ನ ಮೂಗಿಗೇ ಹಿಡಿದ:
‘ಅಕ್ಕಾರ, ಇದರ ಬಳಗ ಐತೇನ್ರಿ ಇಲ್ಲಿ?’
ಕಾಡುದಾಲ್ಚಿನ್ನಿ.
ಅವರ ಎಮ್ಮೆ ಅದನ್ನು ಮುಟ್ಟುವುದಿಲ್ಲವಂತೆ,
ಕೆಂಜಳಿಲು ಮಾತ್ರ ತಲೆಕೆಳಗಾಗಿ ಜೋತು
ಎಳೆ ಚಿಗುರು ಕಡಿದು ಕಡಿದು ಚೆಲ್ಲುತ್ತದಂತೆ.

೪೧೭ ಬಿಚ್ಚಿದೆ.
ಅದಕ್ಕೂ ಮೂರು ನರ, ಇದಕ್ಕೂ ಮೂರು.
ಭೂತಗನ್ನಡಿಯಲ್ಲಿ, ನರ ಕವಲೊಡೆವ ಮೂಲೆಗೆ,
ಸಾಸಿವೆಯ ಕಾಲುಪಾಲಿನ ಗುಳ್ಳೆ.
‘ನುಸಿ ಇರೂ ಮನಿರಿ ಅವು. ಗಿಡಾನ ಕಟ್ಟಿ ಕೊಡತೈತಿ.’
ಬಾಡಿಗಿ? ಅಂದೆ.
‘ಎಲಿಗೆ ಹತ್ತಿದ ಬೂಷ್ಟು ತಿಂದು ತೀರಸತಾವ.’
ನನ್ನ ಮುಷ್ಟಿಯಲ್ಲಿ ಗುಳಿಗೆ ಬೆವರಿತು.

ಚೀಟಿಗೆ ಅವನು ಮೊಬೈಲು ಹಿಡಿದ.
ಯಂತ್ರ ಎಡವುತ್ತ ಕನ್ನಡ ಓದಿತು:
ಎತ್ತರ ಒಂಬೈನೂರು. ಮಧ್ಯಾಹ್ನದ ತನಕ ಮಂಜು.
ಮೊಣಕಾಲುದ್ದ ಜರಿಗಿಡ.
ಮಂಗ ಕೂಗಿತು, ಕಾಣಲಿಲ್ಲ.
ಕಾಯಿ ಇನ್ನೂ ಹಸಿರು.

ಇನ್ನೂ.
ಕರಿಮೆಣಸಿಗಿಂತ ಕಪ್ಪಾದ ಆ ನಾಲ್ಕನ್ನು
ಇಬ್ಬರೂ ನೋಡಿದೆವು. ಅವನ ಬಸ್ಸಿಗೆ ಹೊತ್ತಾಯಿತು.

ಮರುದಿನ ಗುಳಿಗೆ ಇಟ್ಟೆ. ನೌಕರಿ.
ಆದರೆ ಆ ಸಂಜೆ ಆರತಿಗೆ
ಕರ್ಪೂರದ ಬಿಲ್ಲೆ ತಟ್ಟೆಗೆ ಹಾಕಿ, ಕಡ್ಡಿ ಗೀರಿ,
ಸುಮ್ಮನೆ ನಿಂತೆ, ಬೆರಳು ಸುಡುವವರೆಗೆ:
ಮಂಗ ಯಾವ ಮರದಲ್ಲಿತ್ತೋ.
ಅತ್ತೆ ಒಳಗಿನಿಂದ,
‘ಏನ ಮಾಡಾಕತ್ತಿ? ಗಂಟಿ ಬಾರಸ.’

ಬಾರಿಸಿದೆ.