ಷರಾ

ಮೂರು ಐಟಿಐ, ನಾಲ್ಕು ಕಾಲಂ.
ಸೋಮವಾರ ಹನ್ನೊಂದಕ್ಕೆ ಜಿಲ್ಲಾ ಪಂಚಾಯಿತಿ ಸಭೆ,
ಅಷ್ಟರೊಳಗೆ ಯಾರು ಮೇಲೆ, ಯಾರು ಕೆಳಗೆ
ಒಂದೇ ಹಾಳೆಯಲ್ಲಿ ಹಿಡಿಸಬೇಕು ನಾನು.
ಅಕ್ಷರ ದಪ್ಪಗಿರಲಿ ಅಂದಿದ್ದಾರೆ,
ಸಾಹೇಬರ ಕಣ್ಣಿಗೆ ಪೊರೆ.

ಹೊಂಗೆಕೊಪ್ಪಲು: ಕೂತವರು ಒಂಬತ್ತು, ಪಾಸು ಎಂಟು.
ಮೊದಲ ಸ್ಥಾನ.
ದಾಟಲಾರರು ಅನ್ನಿಸಿದ ಹದಿನಾಲ್ಕು ಮಂದಿಯ ಅರ್ಜಿ
ಬೀರುವಿನಲ್ಲೇ ಉಳಿದದ್ದಕ್ಕೆ ಕಾಲಂ ಇಲ್ಲ.
ಮಂಡ್ಯ ಟೌನು: ನಲವತ್ತಕ್ಕೆ ಮೂವತ್ತೊಂದು.
ಬೆಣಚನಕಟ್ಟೆ: ಇಪ್ಪತ್ತೆರಡಕ್ಕೆ ಒಂಬತ್ತು.
ಆ ಸಾಲಿಗೆ ಕೆಂಪು ತುಂಬಿ, ಅಂದರು.

ಬೆಣಚನಕಟ್ಟೆಯಲ್ಲಿ ಆರು ವರ್ಷ ಫಿಟ್ಟರ್ ಕಲಿಸಿದವಳು ನಾನು.
ಇದ್ದದ್ದು ಒಂದೇ ವರ್ನಿಯರ್ ಕ್ಯಾಲಿಪರ್.
ನಾನು ಹೋಗುವ ಮುಂಚೆಯೇ ಯಾರೋ ಬೀಳಿಸಿ,
ದವಡೆ ಮುಚ್ಚಿದರೂ ಸೊನ್ನೆಗೆ ಸೊನ್ನೆ ಕೂರದು,
ಐದು ಗೆರೆ ಮುಂದೆ ಹೋಗಿ ನಿಲ್ಲುವುದು.
ಹೊಸದಕ್ಕೆ ಬರೆದ ಇಂಡೆಂಟು ಮೂರು ಸಲ ವಾಪಸು.
"ಅಳೆಯೋಕೆ ಮುಂಚೆ ಅಳೆಯೋದನ್ನೇ ಒಸಿ ನೋಡ್ರಪ್ಪ,
ಅದರ ತಪ್ಪು ಕಳೆದು ಓದಿ" ಅಂತಿದ್ದೆ.

ಕಳೆದರು.
ಸಿದ್ದಪ್ಪಾಜಿ ಬಾಯಲ್ಲಿ, ತೇಜಾವತಿ ಬೆರಳು ಮಡಚಿ,
ಬರಬರುತ್ತಾ ಯಾರು ಕಳೆಯುವುದೂ ಕಾಣಿಸಲಿಲ್ಲ.
ಒಂದು ವೈಸಿಗೆ ಐದು ಜನರ ಸರದಿ,
ಕರೆಂಟು ಮೂರಕ್ಕೆ, ಮಳವಳ್ಳಿ ಬಸ್ಸು ನಾಲ್ಕು ಹತ್ತಕ್ಕೆ,
ಆ ನಡುವೆ ಎಷ್ಟು ಉಜ್ಜಿದರೆ ಅಷ್ಟು.

ಪರೀಕ್ಷೆ ಮಂಡ್ಯದಲ್ಲಿ.
ಒಬ್ಬೊಬ್ಬರಿಗೂ ಒಂದೊಂದು ಹೊಸ ಕ್ಯಾಲಿಪರ್,
ಎಣ್ಣೆಕಾಗದ ಸುತ್ತಿದ್ದು.
ಸೊನ್ನೆ ಸೊನ್ನೆಗೇ ಕೂತಿತ್ತು.
ಹದಿಮೂರು ಜನ ನೋಡಲಿಲ್ಲ.

ನಿನ್ನೆ ಸಂಜೆ ಸ್ಟೋರಿನಲ್ಲಿ ಫೇಲಾದ ಜಾಬುಗಳ ಮೂಟೆ ಬಿಚ್ಚಿದೆ.
ಟೌನಿನವು ಒಂದು ತೆಳು, ಒಂದು ಸೊಟ್ಟ,
ಒಂದರ ತೂತು ಎಲ್ಲೋ.
ಬೆಣಚನಕಟ್ಟೆಯ ಹದಿಮೂರನ್ನೂ ಒಂದೊಂದಾಗಿ ಅಳೆದೆ.
ಐದು ಗೆರೆ ದಪ್ಪ.
ಐದೇ ಗೆರೆ ದಪ್ಪ.
ಹದಿಮೂರೂ, ಒಂದೇ ತಲೆಗೂದಲಿನಷ್ಟು.
ಮಟ್ಟಗೋಲಿಟ್ಟರೆ ಅಡಿಯಲ್ಲಿ ಬೆಳಕು ತೂರುವುದಿಲ್ಲ.
ಗೋಣಿಚೀಲದ ಮೇಲೆ ಕೂತುಬಿಟ್ಟೆ.
ವಾಚ್‌ಮನ್ ಬಂದು ಬೀಗ ಹಾಕಬೇಕು ಮೇಡಂ ಅಂದ.

ಕೊನೇ ಕಾಲಂ ಷರಾ. ಅಗಲ ಎರಡು ಬೆರಳು.
ಹೋದ ವರ್ಷದ "ಸುಧಾರಣೆ ಅಗತ್ಯ"
ಬೆಣಚನಕಟ್ಟೆಯ ಎದುರು ಹಾಗೇ ಕೂತಿತ್ತು.
ಅಳಿಸಿ,
"ಐದು ಗೆರೆ ಕಳೆದು ಓದುವುದು" ಎಂದು ಟೈಪು ಮಾಡಿದೆ.
ಸಾಹೇಬರು ಕೇಳುತ್ತಾರೆ, ಯಾವುದರಿಂದ, ಎಂದು.

ಬ್ಯಾಗಿನಲ್ಲಿ ಒಂದು ತುಂಡು ಇಟ್ಟುಕೊಂಡಿದ್ದೇನೆ.
ಯಾರದೋ ಗೊತ್ತಿಲ್ಲ,
ನಂಬರಷ್ಟೇ ಕೊರೆದಿದೆ.